ಕನ್ನಡಿಯಲ್ಲಿ ಕಂಡ ಹಿರಿಯೂರು

ಮೊನ್ನೆ ಹೊಳಲ್ಕೆರೆಯಲ್ಲಿ ನಮ್ಮ ಗಿರಿಜಕ್ಕನ ಮನೆಗೆ ಟಿ.ವಿ. ರಿಪೇರಿಯವರು ಬಂದಿದ್ದರು. ಹಿಂದಿನ ಮುಚ್ಚಳ ಬಿಚ್ಚಿ, ಸಾಲ್ಡರಿಂಗ್ ಕಡ್ಡಿ ಕಾಯಿಸಿ, ಒಳಗೆ ಎಲ್ಲೋ ಒಂದು ಚುಕ್ಕೆಗೆ ಮುಟ್ಟಿಸಿದರು. ಎಳೆಯಷ್ಟು ಹೊಗೆ ಎದ್ದಿತು. ರಾಳ ಸುಟ್ಟ ವಾಸನೆ ಕೋಣೆಗೆಲ್ಲ ಹರಡಿತು. ಕಣ್ಣು ಮುಚ್ಚಿ ಕೂತಿದ್ದ ಅಕ್ಕ, "ಖಲೀಲಣ್ಣ ಬಂದಂಗಾತು ನೋಡು" ಎಂದಳು. ಖಲೀಲಣ್ಣ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಆದರೂ ಅವರು ಬಂದ ಹಾಗೆ ನನಗೂ ಆಯಿತು.

ಆ ಟಿ.ವಿ. ಸರಿಹೋಗಲೇಬೇಕಾದ ಅವಸರ ನಮಗಿತ್ತು. ಅಕ್ಕ ನಿವೃತ್ತಳಾದ ಹೆಡ್‌ಮಿಸ್ಟ್ರೆಸ್. ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ಅದೇನೋ ಇಂಗ್ಲಿಷ್ ಸೀರಿಯಲ್ಲು ಹಚ್ಚಿಕೊಟ್ಟು ಹೋಗಿದ್ದಳು. ಅದರಲ್ಲಿ ನಮ್ಮದರಂಥವೇ ಹಲವು ವಿಶ್ವಗಳು ಅಕ್ಕಪಕ್ಕದಲ್ಲಿರುತ್ತವೆ. ಒಂದೊಂದರಲ್ಲೂ ಇದೇ ಊರು, ಇದೇ ಜನ. ಯಾವುದೋ ಒಂದು ಸಂಗತಿ ಮಾತ್ರ ಬೇರೆ. ನಾವು ಚಿತ್ರದುರ್ಗದಲ್ಲಿ ಬಸ್ಸು ಬದಲಾಯಿಸುವಷ್ಟು ಸಲೀಸಾಗಿ ಅವರು ವಿಶ್ವ ಬದಲಾಯಿಸುತ್ತಾರೆ. ಒಂದು ಸೀಸನ್ ಹೆಚ್ಚುಕಡಿಮೆ ಮುಗಿಸಿ ಕೊನೆಯ ಕಂತಿಗೆ ಬಂದಾಗ ಟಿ.ವಿ. ಕೈಕೊಟ್ಟಿತ್ತು. ಈ ವಯಸ್ಸಿನಲ್ಲಿ ಇವರಿಗೇಕೆ ಇಂಥ ಸೀರಿಯಲ್ಲು ಎಂದು ನೀವು ನಗಬೇಡಿ. ಈ ವಿಷಯದಲ್ಲಿ ನಾವು ಹೊಸಬರಲ್ಲ. ಎಪ್ಪತ್ತರ ದಶಕದಲ್ಲಿ, ಊರಿಗೆ ಟಿ.ವಿ. ಕಾಲಿಡುವ ಮೊದಲೇ, ಇಂಥದೊಂದು ಸೀಸನ್ನನ್ನು ಹಿರಿಯೂರಿನ ಬೀದಿಯಲ್ಲಿ ಕೂತು ಮುಗಿಸಿದವರು.

ಖಲೀಲಣ್ಣನದು ರೇಡಿಯೊ ರಿಪೇರಿ ಅಂಗಡಿ. ಮುತ್ತಾತಂದಿರು ನವಾಬರ ಕಾಲದಲ್ಲಿ ಊರಿಗೆ ಬಂದು ಬೀಗ ಮಾಡಿದವರು, ತಾತ ಗಡಿಯಾರ, ಇವರು ರೇಡಿಯೊ. ಮುಂದಿನದು ಟೆಲಿವಿಷನ್ ಎಂದು ಅವರಿಗೆ ಖಾತ್ರಿಯಾಗಿತ್ತು. ಅದು ಇವತ್ತೋ ನಾಳೆಯೋ ಹಿರಿಯೂರಿಗೆ ಬಂದೇ ಬರುತ್ತದೆ, ಬಂದ ಮಾರನೆಯ ದಿನ ಕೆಟ್ಟೇ ಕೆಡುತ್ತದೆ ಎಂಬ ದೂರದೃಷ್ಟಿಯಿಂದ ಬೊಂಬಾಯಿಯಲ್ಲಿದ್ದ ಭಾವಮೈದುನನ ಅಂಗಡಿಗೆ ಹೋಗಿ ಕೆಲವು ತಿಂಗಳು ಆ ಕೆಲಸ ಕಲಿತುಬಂದರು. ಬಂದವರೇ ಬೋರ್ಡಿನಲ್ಲಿ 'ಟೆಲಿವಿಷನ್' ಎಂದೂ ಬರೆಸಿದರು. ಆ ಬೋರ್ಡು ಎರಡು ಸಲ ಬಣ್ಣ ಕಂಡ ಮೇಲೆ ಊರಿಗೆ ಮೊದಲ ಟಿ.ವಿ. ಬಂದದ್ದು.

ಬೊಂಬಾಯಿಯಲ್ಲಿ ಅವರು ರಿಪೇರಿಯ ಜೊತೆಗೆ ಇನ್ನೊಂದನ್ನೂ ಕಲಿತಿದ್ದರು. ವಾರಕ್ಕೊಮ್ಮೆ ಬರುತ್ತಿದ್ದ ಒಂದು ಇಂಗ್ಲಿಷ್ ಸೀರಿಯಲ್ಲಿನ ಕಥೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಚಿತ್ರಕ್ಕೆ ಭಾಷೆ ಯಾಕೆ ಬೇಕು? ಒಬ್ಬ ಮನುಷ್ಯ ತನ್ನ ಮನೆಯ ಬಾಗಿಲು ದಾಟಿ ಹೊರಗೆ ಕಾಲಿಡುತ್ತಾನೆ. ಅದು ಅವನ ಊರೇ, ಆದರೆ ಅವನ ಊರಲ್ಲ. ಪ್ರತಿ ವಾರ ಬೇರೆ ಬೇರೆ ಬಾಗಿಲು ದಾಟಿ ಮನೆ ಹುಡುಕುತ್ತಾನೆ, ಪ್ರತಿ ವಾರ ಇನ್ನೊಂದು ತಪ್ಪು ಊರಿಗೆ ಹೋಗುತ್ತಾನೆ. ಇತ್ತ ನಿಜವಾದ ಮನೆಯಲ್ಲಿ ಹೆಂಡತಿ ಬಾಗಿಲು ತೆರೆದಿಟ್ಟು ಕಿಟಕಿಯ ಬಳಿ ಕಾಯುತ್ತಾಳೆ. ಕಂತು ಮುಗಿಯುವುದು ಯಾವಾಗಲೂ ಅವಳ ಮುಖದ ಮೇಲೆ. ಇದನ್ನು ಖಲೀಲಣ್ಣ ಗುರುವಾರ ಸಂಜೆ, ವಾರಕ್ಕೊಂದು ಕಂತಿನಂತೆ, ಅಂಗಡಿಯ ಮುಂದೆ ಹೇಳತೊಡಗಿದರು. "ಬರ್ರಿ, ಕುಂತ್ಕಳ್ರಿ" ಎಂದು ಅವರು ಸ್ಟೂಲು ಎಳೆದರೆ ಬೀದಿ ತುಂಬುತ್ತಿತ್ತು.

ಈಗ ನಮ್ಮ ಊರಿನ ತಿಳಿವಳಿಕೆಯ ಬಗ್ಗೆ ಒಂದು ಮಾತು. ರೇಡಿಯೊದಲ್ಲಿ ವಾರ್ತೆ ಬರುತ್ತದೆ, ವಾರ್ತೆ ನಿಜ. ಟೆಲಿವಿಷನ್ ಎಂದರೆ ಚಿತ್ರವಿರುವ ರೇಡಿಯೊ. ಹಾಗಾದ ಮೇಲೆ ಅದರಲ್ಲಿ ಬಂದದ್ದು ಇನ್ನೂ ಹೆಚ್ಚು ನಿಜ. ಹೀಗೆ ಯಾರೂ ಯಾರನ್ನೂ ಒಪ್ಪಿಸದೆ, ಆ ಮನುಷ್ಯನ ಊರಿಗಿದ್ದ ಹಾಗೆ ನಮ್ಮೂರಿಗೂ ಜೋಡಿಯಾಗಿ ಇನ್ನೊಂದು ಹಿರಿಯೂರು ಇದೆ ಎಂದು ಹಿರಿಯೂರು ಒಪ್ಪಿಕೊಂಡಿತು. ಗಲಾಟೆ ಎದ್ದದ್ದು ಬೇರೆ ವಿಷಯಕ್ಕೆ. ಅಲ್ಲಿಯವರೆಲ್ಲ ಎಡಗೈಯಲ್ಲಿ ಉಣ್ಣುತ್ತಾರೆ ಎಂದು ಖಲೀಲಣ್ಣ ಹೇಳಿಬಿಟ್ಟರು. ಅಲ್ಲಿಯ ಇಂಗ್ಲಿಷನ್ನು ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಬರೆದಿರುತ್ತಾರಂತೆ. ಅದರಿಂದ ಅವರಿಗೇನೂ ತೊಂದರೆಯಾಗಿರಲಿಲ್ಲ, ಉರ್ದು ಬಲ್ಲವರು. ಆದರೆ ಎಡಗೈ ಊಟ ನಮ್ಮವರಿಗೆ ಗಂಟಲಲ್ಲಿ ಇಳಿಯಲಿಲ್ಲ. ಅಂಥವರ ಮನೆಯ ಮದುವೆಗೆ ಹೋಗಬಹುದೇ, ಹೋದರೆ ಉಡುಗೊರೆ ಕೊಟ್ಟು ಉಣ್ಣದೆ ಬರಬಹುದೇ ಎಂದು ಹಿರಿಯರು ವಾರಗಟ್ಟಲೆ ಚರ್ಚಿಸಿದರು.

ವಿಜ್ಞಾನ ಏನನ್ನುತ್ತದೆ ಎಂದು ನನ್ನನ್ನು ಕೇಳಿದರು. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರಕ್ಕೆ ನಪಾಸಾಗಿ ಮನೆಯಲ್ಲಿ ಕೂತಿದ್ದೆ. ಬೀದಿಯಲ್ಲಿ ಉಳಿದವರಾರೂ ನಪಾಸಾಗುವಷ್ಟು ಕೂಡ ಭೌತಶಾಸ್ತ್ರ ಓದಿರಲಿಲ್ಲ. ಗಂಟಲು ಸರಿಮಾಡಿಕೊಂಡು, "ಸೈನ್ಸಿನಲ್ಲಿ ಅದಕ್ಕೆ ಅವಕಾಶ ಐತೆ" ಎಂದೆ. ನಿಜ ಸಂಗತಿ ಬೇರೆಯಿತ್ತು, ಅದನ್ನು ಖಲೀಲಣ್ಣ ಮುಚ್ಚಿಟ್ಟೂ ಇರಲಿಲ್ಲ. ಟಿ.ವಿ. ರಿಪೇರಿ ಮಾಡುವವರು ಸೆಟ್ಟಿನ ಹಿಂದೆ ಕೂತಿರುತ್ತಾರಲ್ಲ, ಚಿತ್ರ ಸರಿಬಂತೇ ಎಂದು ನೋಡಲು ಎದುರಿಗೊಂದು ಕನ್ನಡಿ ಇಟ್ಟುಕೊಳ್ಳುತ್ತಾರೆ. ಖಲೀಲಣ್ಣ ಆ ಸೀರಿಯಲ್ಲನ್ನು ನೋಡಿದ್ದೆಲ್ಲ ಆ ಕನ್ನಡಿಯಲ್ಲೇ. ಹಾಗೆಂದು ಮೊದಲ ಗುರುವಾರವೇ ಹೇಳಿದ್ದರು. ಆ ಕನ್ನಡಿಯನ್ನೂ ಎಡಗೈ ಊಟವನ್ನೂ ಸೇರಿಸಿ ಯೋಚಿಸಬೇಕಾಗಿದ್ದವನು ನಾನು. ನಾನು ನಪಾಸಾಗಿದ್ದೇ ಬೆಳಕು ಮತ್ತು ಕನ್ನಡಿಗಳ ಪಾಠದಲ್ಲಿ. ಎಷ್ಟೋ ವರ್ಷಗಳ ನಂತರ ಒಂದು ಬೆಳಿಗ್ಗೆ ಗಡ್ಡ ಹೆರೆಯುವಾಗ ನನಗೆ ಅದು ಹೊಳೆದು, ಕೆನ್ನೆ ಕೊಯ್ದುಕೊಂಡೆ.

ಊರಿನ ಚಿಂತೆ ಮದುವೆಯೂಟದಿಂದ ಬೇಗ ಮುಂದೆ ಸರಿಯಿತು. ಆ ಹಿರಿಯೂರಿಗೆ ರೈಲು ಬಂದಿದೆಯೇ ಎಂದು ಒಬ್ಬರು ಕೇಳಿದರು. ಬಂದಿದೆ ಎಂದರು ಖಲೀಲಣ್ಣ. ಯಾರನ್ನೂ ನಿರಾಸೆ ಮಾಡುವ ಸ್ವಭಾವ ಅವರದಲ್ಲ. ಅಲ್ಲಿ ಜಿಲ್ಲಾ ಕೇಂದ್ರವೂ ಹಿರಿಯೂರೇ. ಚಿತ್ರದುರ್ಗದವರೇ ಅರ್ಜಿ ಹಿಡಿದು ಬಸ್ಸಿನಲ್ಲಿ ಅಲ್ಲಿಗೆ ಬಂದು ಸಾಹೇಬರು ಊಟಕ್ಕೆ ಹೋಗಿದ್ದಾರೆ ಎನ್ನಿಸಿಕೊಂಡು ಹೋಗುತ್ತಾರೆ. ಹೊಸದುರ್ಗದಿಂದ ಸಂಬಂಧ ಮಾಡಲು ಬಂದಿದ್ದವರೊಬ್ಬರು ತಮ್ಮೂರಿಗೇನೂ ಇಲ್ಲವೇ ಎಂದು ಮುಖ ಸಣ್ಣಗೆ ಮಾಡಿಕೊಂಡಾಗ, ಅವರಿಗೊಂದು ಸಕ್ಕರೆ ಕಾರ್ಖಾನೆ ದೊರೆಯಿತು. ಚುನಾವಣೆಯಲ್ಲಿ ಸೋತ ನಮ್ಮ ಬೀದಿಯ ಮುಖಂಡರು ಅಲ್ಲಿ ಗೆದ್ದಿದ್ದರು. ಆ ಸುದ್ದಿ ತಿಳಿದ ದಿನದಿಂದ ಅವರ ನಡಿಗೆಯೇ ಬದಲಾಯಿತು. ನಲ್ಲಿ ನೀರಿನ ದೂರು ಹೇಳಿದವರಿಗೆ, ಅಲ್ಲಿ ಮಾಡಿಸಿದ್ದೇನೆ ಎನ್ನುವಂಥ ಮುಖ ತೋರುತ್ತಿದ್ದರು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ಮಾತ್ರ ಸ್ವಲ್ಪ ಹೊತ್ತು ಕೇಳಿ, ಅಲ್ಲಿಯ ಕುರಿಗಳನ್ನೂ ತಾನೇ ಕಾಯಬೇಕೇ ಎಂದು ವಿಚಾರಿಸಿ, ಹೌದೆಂದು ತಿಳಿದ ಮೇಲೆ ಹೊರಟುಹೋದ.

ಈ ಗದ್ದಲದಲ್ಲಿ ಬಾಯಿ ತೆರೆಯದೆ ಕೇಳುತ್ತಿದ್ದವಳು ಗಿರಿಜಕ್ಕ. ಅವಳ ಮನೆ ಖಲೀಲಣ್ಣನ ಅಂಗಡಿಗೆ ಒತ್ತಿಕೊಂಡೇ ಇತ್ತು. ಜಗಲಿಯ ಮೇಲೆ ಮೊರ ಹಿಡಿದು ಕೂತರೆ ಎಲ್ಲ ಕೇಳಿಸುತ್ತಿತ್ತು. ನಮ್ಮ ಭಾವ ಅವಳನ್ನು ಮದುವೆಯಾದ ಮೂರನೆಯ ವರ್ಷ, ಧರ್ಮಪುರದ ಕಡೆ ಕಡಲೆಕಾಯಿ ಕೊಳ್ಳಲು ಹೋಗಿಬರುತ್ತೇನೆಂದು ಹೊರಟವರು ಬಂದಿರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಅನಂತಪುರದ ಹೋಟೆಲೊಂದರ ಗಲ್ಲಾದಲ್ಲಿ ಕಂಡೆನೆಂದು ಒಬ್ಬರು, ಕಾವಿ ಉಟ್ಟಿದ್ದರೆಂದು ಇನ್ನೊಬ್ಬರು, ಹೆಂಡತಿ ಮಕ್ಕಳೊಡನೆ ಸಂತೆಯಲ್ಲಿದ್ದರೆಂದು ಮತ್ತೊಬ್ಬರು ಹೇಳುತ್ತಿದ್ದರು. ಹಲವು ವಿಶ್ವಗಳಲ್ಲಿ ಒಟ್ಟಿಗೇ ಬದುಕುವ ವಿದ್ಯೆ ನಮ್ಮ ಭಾವನಿಗೆ ಯಾವ ಸೀರಿಯಲ್ಲೂ ನೋಡದೆ ಸಿದ್ಧಿಸಿತ್ತು.

ನಮ್ಮಪ್ಪನದು ಒಂದೇ ಹಟ. ಹೊರಗೆ ಹೋದ ಗಂಡಸು ಬರುವ ತನಕ ಆ ಮನೆಗೆ ಬೀಗ ಬೀಳಬಾರದು. ಬಂದವನು ಬೀಗ ನೋಡಿ ತಿರುಗಿಹೋದರೆ ಗತಿಯೇನು? ಹೀಗಾಗಿ ಅಕ್ಕ ನೆಂಟರ ಮದುವೆಗೂ ಹೋಗುವಂತಿರಲಿಲ್ಲ. ಹೋದರೆ ಅವಳ ಬದಲಿಗೆ ಆ ಬಾಗಿಲಲ್ಲಿ ಇನ್ನೊಬ್ಬರು ಕೂರಬೇಕು. ಆ ಕೆಲಸಕ್ಕೆ ಮನೆಯಲ್ಲಿ ಕೆಲಸವಿಲ್ಲದ ನಾನೇ ಹೆಚ್ಚಾಗಿ ನೇಮಕವಾಗುತ್ತಿದ್ದೆ. ಇಡೀ ಬೀದಿಗೆ ಆ ತೆರೆದ ಬಾಗಿಲಿನ ಬಗ್ಗೆ ಹೆಮ್ಮೆ. ಒಳಗೆ ಕೂತವಳು ಏನಾದಳು ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿದವನಲ್ಲ.

ಸೀರಿಯಲ್ಲು ಮುಗಿಯುವ ಹೊತ್ತಿಗೆ ಅಕ್ಕನಿಗೆ ಹೊಳಲ್ಕೆರೆಯ ಶಾಲೆಯೊಂದರಲ್ಲಿ ಮೇಡಂ ಕೆಲಸದ ಆರ್ಡರು ಬಂತು. ಮದುವೆಗೆ ಮೊದಲೇ ಟ್ರೇನಿಂಗ್ ಮುಗಿಸಿದ್ದಳು. ಸೋಮವಾರದೊಳಗೆ ಹೋಗಿ ಸೇರದಿದ್ದರೆ ಕೆಲಸ ಬೇರೆಯವರಿಗೆ. ಅಪ್ಪ ಬೇಡ ಎನ್ನಲಿಲ್ಲ. ಬಾಗಿಲ ಕಥೆ ಏನು ಎಂದಷ್ಟೇ ಕೇಳಿದರು. ಅಕ್ಕ ಜಗಲಿಗೆ ಹೋಗಿ ಮೊರ ಹಿಡಿದಳು. ಅವಳು ಕೊನೆಯ ಕಂತಿಗೆ ಕಾಯುತ್ತಿದ್ದಾಳೆ, ಕಥೆಯ ಮನುಷ್ಯ ಮನೆಗೆ ಬಂದರೆ ಇವಳೂ ಕೆಲಸ ಬಿಟ್ಟು ಕಾಯುತ್ತಾಳೆ ಎಂದು ನಮ್ಮಮ್ಮ ಹೇಗೋ ಕಂಡುಕೊಂಡು ಅಪ್ಪನಿಗೆ ಹೇಳಿದಳು.

ಬುಧವಾರ ಅಪ್ಪ ಎಂದೂ ಇಲ್ಲದವರು ಖಲೀಲಣ್ಣನ ಅಂಗಡಿ ಹೊಕ್ಕರು. ನಾನು ಒಳಗೆ ಒಂದು ರೇಡಿಯೊದ ಏರಿಯಲ್ ತಂತಿ ಹಿಡಿದು ನಿಂತಿದ್ದೆ.

"ಖಲೀಲಪ್ಪ, ನಾಳೆ ಆ ಮನುಷ್ಯ ಮನೆಗೆ ಬರ್ಬೇಕು. ನಮ್ಮ ಹುಡುಗಿ ಕೇಳಿಸ್ಕಂತಾಳೆ."

ಖಲೀಲಣ್ಣ ಕಡ್ಡಿ ಕೆಳಗಿಟ್ಟರು. "ಕೊನೇದು ನಾನು ನೋಡೇ ಇಲ್ಲ ಬಸಣ್ಣ. ಅವತ್ತು ಆ ಸೆಟ್ಟನ್ನ ಯಾರೋ ಮಗಳ ಮದುವೆಗೆ ಅಂತ ತಗಂಡು ಹೋದ್ರು. ನೋಡ್ದೆ ಇರೋದ್ನ ಹೆಂಗ್ ಹೇಳ್ಲಿ?"

"ಹಿರಿಯೂರಿಗೆ ರೈಲು ಬಂದಿದ್ದು ನೋಡಿದ್ಯಾ?"

ಅಪ್ಪ ಹೋದ ಮೇಲೆ ಖಲೀಲಣ್ಣ ನನ್ನ ಮುಖ ನೋಡಿದರು. ವಿಜ್ಞಾನಿಯಾದ ನಾನು ತಂತಿಯ ಕಡೆ ನೋಡಿದೆ.

ಗುರುವಾರ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೆದ್ದ ಮುಖಂಡರಿಗೆ ಕುರ್ಚಿ ಹಾಕಿತ್ತು. ಅಪ್ಪ ಮುಂದೆಯೇ ಕೂತರು. ಖಲೀಲಣ್ಣ ನಿಧಾನಕ್ಕೆ ಕಥೆಯನ್ನು ಆ ಮನುಷ್ಯನ ಬೀದಿಯ ತನಕ ತಂದರು, ಮೆಟ್ಟಿಲ ತನಕ ತಂದರು. ಅಲ್ಲಿ ನಿಲ್ಲಿಸಿ, ಒಮ್ಮೆ ಜಗಲಿಯ ಕಡೆ ನೋಡಿ, ಮುಂದಿನದು ತಾನು ನೋಡಿಲ್ಲ ಎಂದುಬಿಟ್ಟರು. ಸೆಟ್ಟು ಹೋದದ್ದನ್ನೂ ಹೇಳಿದರು. ಜನ ರೇಗಿದರು. ಇಷ್ಟು ವಾರ ಕೂರಿಸಿ ಹೀಗಾ ಮಾಡುವುದು ಎಂದು ಮುಖಂಡರು ಎದ್ದುನಿಂತರು; ಕೊನೆಯ ಕಂತೇ ಇಲ್ಲದಿದ್ದರೆ ಅವರ ಗೆಲುವಿಗೆ ಏನು ಆಧಾರ?

ಆಗ ಜಗಲಿಯ ಮೇಲೆ ಮೊರದ ಸದ್ದು ನಿಂತಿತು.

"ಖಲೀಲಣ್ಣ, ಆ ಊರುಗಳಲ್ಲಿ ಎಲ್ಲಾ ಬದ್ಲಾಗಿರ್ತಿತ್ತಲ್ಲ, ಪ್ರತಿ ಊರಲ್ಲೂ ಆ ಮನೇಲಿ ಅವಳು ಇರ್ತಿದ್ಲಾ?"

"ಇರ್ತಿದ್ಲಮ್ಮ."

"ಏನ್ ಮಾಡ್ತಿದ್ಲು?"

ಖಲೀಲಣ್ಣ ನೆನಪು ಮಾಡಿಕೊಂಡರು. ಅವರ ಮುಖದಲ್ಲಿ ಆ ಯೋಚನೆ ಮೊದಲ ಸಲ ಬಂದದ್ದು ನನಗೆ ಕಾಣಿಸಿತು. "ಕಿಟಕಿತಾವ ಕುಂತಿರ್ತಿದ್ಲು. ಎಲ್ಲಾ ಊರಲ್ಲೂ ಅಷ್ಟೇ ಮಾಡ್ತಿದ್ದಿದ್ದು."

"ಸರಿ ಬಿಡು" ಎಂದಳು ಅಕ್ಕ. "ಅವನು ಬಂದ್ನೋ ಇಲ್ವೋ ನಂಗ್ ಬೇಡ. ಒಂದು ಬೀಗ ಇದ್ರೆ ಕೊಡಣ್ಣ. ನಮ್ಮನೇಲಿಲ್ಲ."

ಇದ್ದದ್ದೇ ಹಾಗೆ. ಆ ಮನೆಗೆ ಯಾರೂ ಒಂದು ಬೀಗ ಕೂಡ ಕೊಂಡಿರಲಿಲ್ಲ. ಖಲೀಲಣ್ಣ ಎದ್ದು ತಮ್ಮ ಅಂಗಡಿಯ ಬಾಗಿಲಿಗೆ ಹಾಕುವ ಬೀಗವನ್ನೇ ತಂದರು. ಮುತ್ತಾತಂದಿರ ಕೈಯ ಕೆಲಸ, ಹಿಡಿಯಲು ಎರಡು ಕೈ ಬೇಕು. ಅದಕ್ಕೆ ಎರಡು ಬೀಗದಕೈಗಳಿದ್ದವು. ಅಕ್ಕ ಒಂದನ್ನು ಸೆರಗಿಗೆ ಕಟ್ಟಿಕೊಂಡು ಇನ್ನೊಂದನ್ನು ಅವರ ಕೈಗೇ ಕೊಟ್ಟಳು. "ಬಂದ್ರೆ ಕೊಡು. ಹೊಳಲ್ಕೆರೆಲಿ ಅವ್ಳೆ ಅನ್ನು" ಎಂದಳು. ಅಪ್ಪ ತಲೆ ಬಗ್ಗಿಸಿ ಕೂತಿದ್ದರು. ಆಮೇಲೆ ನಿಧಾನವಾಗಿ ಎದ್ದು, ಬೆಳಿಗ್ಗೆ ಬಸ್ಸಿಗೆ ಟ್ರಂಕು ಯಾರು ಹೊರುತ್ತಾರೆ ಎಂದು ನನ್ನನ್ನು ಕೇಳಿದರು.

ಖಲೀಲಣ್ಣನ ಅಂಗಡಿಯ ಗೂಟದಲ್ಲಿ ಆ ಬೀಗದಕೈ ವರ್ಷಗಟ್ಟಲೆ ತೂಗುತ್ತಿತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ಅಂಗಡಿಗೆ ಅವರು ಮಾಮೂಲಿ ಬೀಗವೊಂದನ್ನು ಹಾಕಿಕೊಂಡರು. ಮುಂದೆ ಆ ಮನೆ ಬಿಟ್ಟುಕೊಟ್ಟಾಗ ಹಳೆಯ ಬೀಗವನ್ನು ಅಕ್ಕ ಹೊಳಲ್ಕೆರೆಗೆ ಒಯ್ದಳು. ಇನ್ನೊಂದು ಹಿರಿಯೂರಿನ ಸುದ್ದಿ ಕ್ರಮೇಣ ನಿಂತಿತು. ಮುಖಂಡರು ಮಾತ್ರ ಅಲ್ಲಿ ಇನ್ನೊಂದು ಅವಧಿಗೂ ಗೆದ್ದರೆಂದು ಕೇಳಿದ್ದೇನೆ.

ಮೊನ್ನೆ ಟಿ.ವಿ. ಸರಿಯಾದ ಮೇಲೆ ನಾವು ಕೊನೆಯ ಕಂತು ಹಚ್ಚಿದೆವು. ಇದರಲ್ಲಿ ಕಾಯುವ ಹೆಂಗಸಿಲ್ಲ. ಹೆಂಗಸೇ ದೊಡ್ಡ ವಿಜ್ಞಾನಿ, ಅವಳೇ ಬಾಗಿಲು ದಾಟಿ ಹೊರಡುತ್ತಾಳೆ. ನಾನು ಮೆಚ್ಚಿ ತಲೆದೂಗುತ್ತಿದ್ದೆ. ಅಕ್ಕ ಕನ್ನಡಕ ಸರಿಮಾಡಿಕೊಂಡು, "ಮನೆಗೆ ಬೀಗ ಹಾಕಿದ್ಲಾ? ಸ್ವಲ್ಪ ಹಿಂದಕ್ಕೆ ಹಾಕು, ನೋಡಾಣ" ಎಂದಳು. ಹಿಂದಕ್ಕೆ ಹಾಕಿ ನೋಡಿದೆವು. ಹಾಕಿರಲಿಲ್ಲ. ಇಷ್ಟು ಓದಿಯೂ ಬುದ್ಧಿಯಿಲ್ಲ ಎಂದು ಅಕ್ಕ ಟಿ.ವಿ. ಆರಿಸಿದಳು. ಆ ವಿಜ್ಞಾನಿ ಏನಾದಳೆಂದು ನನಗೆ ಗೊತ್ತಾಗಲಿಲ್ಲ. ಕೊನೆಯ ಕಂತಿನ ಯೋಗ ನಮಗಿಲ್ಲ.

ನನ್ನನ್ನು ಬಸ್ಸಿಗೆ ಬಿಡಲು ಅಕ್ಕ ಜೊತೆಗೆ ಹೊರಟಳು. ಖಲೀಲಣ್ಣನ ಬೀಗ ಹಾಕಿ, ಎಂದಿನ ಹಾಗೆ ಎರಡು ಸಲ ಜಗ್ಗಿ ನೋಡಿದಳು. ಈಗ ನಿಮ್ಮಲ್ಲಿ ಹೇಳಬಹುದು: ಇಷ್ಟು ವರ್ಷವೂ ನನಗೆ ಒಳಗೊಳಗೇ ಆ ಇನ್ನೊಂದು ಹಿರಿಯೂರಿನ ಆಸೆ ಇತ್ತು. ಅಲ್ಲಿ ರೈಲು ಬಂದಿದೆ, ನಾನು ಭೌತಶಾಸ್ತ್ರದಲ್ಲಿ ಪಾಸಾಗಿದ್ದೇನೆ. ಆದರೆ ಅಲ್ಲಿ ಆ ಬಾಗಿಲು ಇನ್ನೂ ತೆರೆದೇ ಇದೆ, ಒಳಗೆ ಕಿಟಕಿಯ ಬಳಿ ಅಕ್ಕ ಇವತ್ತಿಗೂ ಕೂತಿದ್ದಾಳೆ. ಬೇಡಪ್ಪ, ನನಗೆ ಆ ರೈಲು ಬೇಡ ಎಂದುಕೊಂಡು ಈ ಊರಿನ ಬಸ್ಸು ಹತ್ತಿದೆ. ಅದು ಎಂದಿನಂತೆ ತಡವಾಗಿಯೇ ಬಂದಿತ್ತು.