ಅಪ್ಪ ರೇಡಿಯೊದಲ್ಲಿ ಹೇಳಿದ್ದು

ಮೊನ್ನೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತ್ತು. ಅವನ ತಲೆಯ ಮೇಲಿನ ಸ್ಪೀಕರಿನಲ್ಲಿ ರೇಡಿಯೊ ಸಣ್ಣಗೆ ಮಾತಾಡುತ್ತಿತ್ತು. ಯಾರೋ ಹಿರಿಯ ಶಿಲ್ಪಿಯ ಸಂದರ್ಶನ. ಕಲ್ಲು ಎಲ್ಲಿಂದ ತರುತ್ತೀರಿ, ಗುರುಗಳು ಯಾರು ಎಂದೆಲ್ಲ ಆದಮೇಲೆ, ಕೇಳುವವಳು ದನಿಯನ್ನು ಒಂದಿಷ್ಟು ಮೆತ್ತಗೆ ಮಾಡಿಕೊಂಡು, ನಿಮ್ಮ ಈ ಸಾಧನೆಗೆ ಮನೆಯವರ ಪ್ರೋತ್ಸಾಹ ಹೇಗಿತ್ತು ಎಂದಳು. ಆ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತು. ಆದರೂ ಮುಂದಿನ ಕಂಬಿ ಹಿಡಿದು ಸ್ಪೀಕರಿನ ಕಡೆಗೆ ಬಾಗಿದೆ. ಶಿಲ್ಪಿ ಉತ್ತರ ಕೊಡುವಷ್ಟರಲ್ಲಿ ಬಸ್ಸು ಮಲವಗೊಪ್ಪದಲ್ಲಿ ನಿಂತಿತು, ಹತ್ತುವವರ ಗಲಾಟೆಯಲ್ಲಿ ಅವನ ಮಾತು ಮುಳುಗಿಹೋಯಿತು. ನಾನು ಕಿಟಕಿಯಾಚೆ ನೋಡುತ್ತ ಅಪ್ಪನ ಉತ್ತರವನ್ನೇ ಮತ್ತೆ ಕೇಳಿಸಿಕೊಳ್ಳುತ್ತಿದ್ದೆ.

ನಮ್ಮ ಮನೆ ಇದ್ದದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಹಂಡೆ ಹೂತ ಬಚ್ಚಲು. ಗಾಳಿ ಈ ಕಡೆ ತಿರುಗಿದರೆ ಬಿದಿರು ಬೇಯುವ ಹುಳಿವಾಸನೆ ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಮನೆಯ ವಾಸನೆ. ಅಪ್ಪ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ವಿಭಾಗದಲ್ಲಿದ್ದರು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ನಾಗಪ್ಪ ಎಂದರೆ ಪರದೆ ಬರೆಯುವ ನಾಗಪ್ಪ. ನಾಟಕದವರಿಗೆ ಅರಮನೆ, ಕಾಡು, ಬೀದಿ, ಸ್ಮಶಾನ, ಯಾವುದು ಬೇಕೋ ಅದನ್ನು ಕೋರಾ ಬಟ್ಟೆಯ ಮೇಲೆ ಬರೆದು ಕೊಡುತ್ತಿದ್ದರು. ನಮ್ಮ ನಡುಕೋಣೆಯಲ್ಲಿ ಯಾವಾಗಲೂ ಯಾವುದೋ ಒಂದು ಪರದೆ ಮಡಚಿಕೊಂಡು ಬಿದ್ದಿರುತ್ತಿತ್ತು. ನಾನು ಅರಮನೆಯ ಕಂಬಗಳ ಮೇಲೆ ಮಲಗಿ ನಿದ್ದೆಹೋದ ಮಗು. ಅಪ್ಪನ ಉಗುರಿನ ಸಂದಿಯಲ್ಲಿ ನೀಲಿ ಹೋಗುತ್ತಲೇ ಇರಲಿಲ್ಲ. ಅನ್ನ ಕಲಸುವಾಗ ಅಮ್ಮ ಅದನ್ನು ನೋಡಿ ಗೊಣಗುತ್ತಿದ್ದಳು. ಆಗಿನ ಗೊಣಗಾಟದಲ್ಲಿ ನಗುವೂ ಇತ್ತು.

ನನಗೆ ಆರು ತುಂಬಿದ ವರ್ಷ ನನ್ನ ತಮ್ಮ ಮೋಹನ ಹೋದ. ಹತ್ತು ತಿಂಗಳ ಕೂಸು. ಅಪ್ಪ ರಜೆ ಹಾಕಿ ದೂರದ ಹಳ್ಳಿಯೊಂದಕ್ಕೆ ಪರದೆ ಬರೆಯಲು ಹೋಗಿದ್ದರು, ಆ ಊರಿಗೆ ಫೋನಿರಲಿಲ್ಲ. ಜ್ವರ ಬಂದ ಮೊದಲ ದಿನ ಅಮ್ಮ ಕಷಾಯ ಹಾಕಿದಳು. ಎರಡನೆಯ ದಿನ ಮಗು ಕಣ್ಣು ಮೇಲೆ ಮಾಡಿದಾಗ ಪಕ್ಕದ ಮನೆಯ ಸೆಲ್ವಮ್ಮ ತನ್ನ ಗಂಡನನ್ನು ಎಬ್ಬಿಸಿ, ಅವನ ಸ್ಕೂಟರಿನಲ್ಲಿ ಅಮ್ಮನನ್ನೂ ಮಗುವನ್ನೂ ಆಸ್ಪತ್ರೆಗೆ ಕಳಿಸಿದಳು. ಹಿಂದಿರುಗುವಾಗ ಅಮ್ಮನ ಮಡಿಲಲ್ಲಿದ್ದದ್ದು ಬಟ್ಟೆ ಸುತ್ತಿದ ಗಂಟು. ಅಪ್ಪ ಬಂದದ್ದು ಅದಾಗಿ ಎರಡು ದಿನಕ್ಕೆ, ಕೈಯಲ್ಲಿ ಮೋಹನನಿಗೆಂದು ಒಂದು ಗಿಲಕಿ ಹಿಡಿದುಕೊಂಡು. ಮಣ್ಣು ಮಾಡಿ ಆಗಿತ್ತು. ಅವರ ಮೊಣಕೈವರೆಗೂ ಹಸಿರು ಬಣ್ಣ ಮೆತ್ತಿತ್ತು. ಅಮ್ಮ ಅಳಲಿಲ್ಲ. ಆ ಹಸಿರನ್ನೇ ನೋಡುತ್ತ ಕೂತಳು.

ಮೋಹನ ಹೋಗಿ ತಿಂಗಳು ತುಂಬಿದ ಮಾರನೆಯ ಬೆಳಿಗ್ಗೆ, ಅಪ್ಪ ಕೆಲಸಕ್ಕೆ ಹೋದಮೇಲೆ, ಅಮ್ಮ ಮನೆಯಲ್ಲಿದ್ದ ಪರದೆಗಳನ್ನು ಕತ್ತರಿಯಿಂದ ಸೀಳಿ ಬಚ್ಚಲೊಲೆಗೆ ಹಾಕತೊಡಗಿದಳು. ಕುಂಚಗಳು, ಅಳತೆಕೋಲು, ಚಿತ್ರ ಗೀಚಿದ ನೋಟುಬುಕ್ಕುಗಳು, ಎಲ್ಲವೂ ಹೋದವು. ಬಣ್ಣ ಸುಟ್ಟ ಹೊಗೆ ಬೇರೆಯೇ ತರಹ, ಗಂಟಲಿಗೆ ಅಂಟಿಕೊಳ್ಳುತ್ತದೆ. ಸೆಲ್ವಮ್ಮ ಹಿತ್ತಲ ಗೋಡೆಯಾಚೆ ಬಂದು ನಿಂತಳು, ಒಳಗೆ ನೋಡಿದಳು, ಹೊರಟುಹೋದಳು. ಮಧ್ಯಾಹ್ನ ಅಪ್ಪ ಬಂದಾಗ ಒಲೆಯ ಬಾಯಲ್ಲಿ ಅರಮನೆಯ ಒಂದು ತುಂಡು ಇನ್ನೂ ಉರಿಯುತ್ತಿತ್ತು. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹೊಡೆಯಲಿ, ಕೂಗಲಿ ಎಂದು ಕಾಯುತ್ತಿದ್ದಳೆಂದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ. ಅಪ್ಪ ಒಲೆಯನ್ನು ನೋಡಿದರು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

"ನೀರು ಕಾದಿದ್ಯಾ?" ಎಂದರು.

ಸ್ನಾನ ಮಾಡಿ, ಉಂಡು, ಮಲಗಿದರು. ಆಮೇಲೆ ನಮ್ಮ ಮನೆಯಲ್ಲಿ ಮಾತೆಂದರೆ ಉಪ್ಪು, ನೀರು, ಶಿಫ್ಟು. ಮೋಹನನ ಹೆಸರೂ ಇಲ್ಲ, ಪರದೆಯ ಹೆಸರೂ ಇಲ್ಲ.

ಮೂರು ವರ್ಷ ಕಳೆದಮೇಲೆ ಅಪ್ಪ ಮಲವಗೊಪ್ಪದಲ್ಲಿ ಪರಿಚಯದವರೊಬ್ಬರ ಖಾಲಿ ಶೆಡ್ಡಿನಲ್ಲಿ ಮತ್ತೆ ಬರೆಯಲು ಶುರುಮಾಡಿದರು. ಭಾನುವಾರ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಲೆಕ್ಕ ಹೇಳಿಕೊಡುವ ಮೇಷ್ಟರ ಮನೆಗೆ ಎಂದು ಅಮ್ಮನಿಗೆ ಹೇಳಿ ಹೊರಡುತ್ತಿದ್ದರು. ಅಲ್ಲಿ ಬಣ್ಣ ಕಲಸುವುದು ನನ್ನ ಕೆಲಸ. ಅಂಟನ್ನು ಸಣ್ಣ ಉರಿಯಲ್ಲಿ ಕರಗಿಸಬೇಕು, ಪುಡಿಯನ್ನು ಹಿಟ್ಟು ಉದುರಿಸಿದ ಹಾಗೆ ಉದುರಿಸುತ್ತ ಒಂದೇ ದಿಕ್ಕಿಗೆ ತಿರುವಬೇಕು. ಅಂಟು ಕಡಿಮೆಯಾದರೆ ಬಣ್ಣ ಉದುರುತ್ತದೆ, ಹೆಚ್ಚಾದರೆ ಪರದೆ ಸುತ್ತಿದಾಗ ಬಿರಿಯುತ್ತದೆ. ಕಡ್ಡಿಯಿಂದ ಬೀಳುವ ಹನಿ ನೋಡಿಯೇ ಸರಿಯಾಯಿತೆಂದು ಹೇಳುವಷ್ಟು ನಾನು ಕಲಿತಿದ್ದೆ. ಅಪ್ಪ ಹೊಗಳುವವರಲ್ಲ. ನಾನು ಕಲಸಿದ್ದಕ್ಕೆ ಕುಂಚ ಅದ್ದಿ ಸೀದಾ ಬಟ್ಟೆಗೆ ಇಡುತ್ತಿದ್ದರು, ಅಷ್ಟೇ. ಅಮ್ಮ ನನ್ನ ಉಗುರು ನೋಡದಿರಲೆಂದು ಬರುವಾಗ ಬೋರಿನ ಹತ್ತಿರ ಇಬ್ಬರೂ ಇಟ್ಟಿಗೆ ಚೂರಿನಿಂದ ಕೈ ಉಜ್ಜಿಕೊಳ್ಳುತ್ತಿದ್ದೆವು. ಅಪ್ಪನಿಗೆ ಕೆಮ್ಮು ಶುರುವಾದದ್ದೂ ಆ ದಿನಗಳಲ್ಲೇ.

ನನಗೆ ಹನ್ನೊಂದಾದಾಗ ರೇಡಿಯೊದವರಿಂದ ಕಾಗದ ಬಂತು. ಕಲಾವಿದರನ್ನು ಮಾತನಾಡಿಸುವ ಕಾರ್ಯಕ್ರಮಕ್ಕೆ ರಂಗಪರದೆಯ ಕಲಾವಿದರಾದ ತಾವು ಬರಬೇಕು ಎಂದಿತ್ತು. ಅಮ್ಮ ಆ ಲಕೋಟೆಯನ್ನು ಮುಟ್ಟಲಿಲ್ಲ. ಅಪ್ಪನ ಜೊತೆ ನಾನೇ ಹೋದೆ. ಜಮಖಾನ ಹಾಸಿದ ನೆಲ, ಗಟ್ಟಿ ಬಾಗಿಲು, ಬಾಗಿಲಲ್ಲಿ ಅಂಗೈಯಗಲದ ಗಾಜು. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು, ನಾನು ತುದಿಗಾಲಲ್ಲಿ ನಿಂತು ಗಾಜಿನೊಳಗೆ ಇಣುಕಿದೆ. ಏನೂ ಕೇಳಿಸದು. ಅಪ್ಪನ ತುಟಿಗಳು ಆಡುತ್ತಿದ್ದವು, ಕೆಮ್ಮು ಬಂದಾಗ ಎದುರಿಗಿದ್ದ ಮೇಡಂ ಕೈ ಎತ್ತುತ್ತಿದ್ದರು, ನೀರು ಕುಡಿಸಿ ಮತ್ತೆ ಶುರು. ಒಂದು ಪ್ರಶ್ನೆಗೆ ಮಾತ್ರ ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. ಆಮೇಲೆ ನಕ್ಕು ಏನೋ ಹೇಳಿದರು. ಸೈಕಲ್ ಮೇಲೆ ವಾಪಸು ಬರುವಾಗ ಏನು ಕೇಳಿದರು ಎಂದೆ. ರೇಡಿಯೊದಲ್ಲಿ ಬಂದಾಗ ಕೇಳುವೆಯಂತೆ ಎಂದರು.

ಅವರು ಅದನ್ನು ಕೇಳಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ತೀರಿಕೊಂಡರು. ಶ್ವಾಸಕೋಶ ಪೂರ್ತಿ ಹಾಳಾಗಿತ್ತಂತೆ. ಹನ್ನೊಂದರ ಶಾಸ್ತ್ರ ಮುಗಿದ ಮರುದಿನ ಪ್ರಸಾರದ ದಿನ ತಿಳಿಸುವ ಕಾಗದ ಬಂತು. ಆ ಭಾನುವಾರ ಬೆಳಿಗ್ಗೆ ನಮ್ಮ ನಡುಕೋಣೆಯಲ್ಲಿ ಜನ ತುಂಬಿದರು. ಸೆಲ್ವಮ್ಮ ಅಮ್ಮನಿಗೆ ಒತ್ತಿಕೊಂಡು ಕೂತಿದ್ದಳು. ರೇಡಿಯೊದ ಹುಡುಗಿ ಲವಲವಿಕೆಯಿಂದ, ಇಂದು ನಮ್ಮೊಂದಿಗೆ ಇದ್ದಾರೆ, ಎಂದು ಅಪ್ಪನ ಹೆಸರು ಹೇಳಿದಳು. ಯಾರೋ ಬಿಕ್ಕಿದರು. ಆಮೇಲೆ ಅಪ್ಪನ ದನಿ ಬಂತು. ಅದರಲ್ಲಿ ಕೆಮ್ಮೇ ಇರಲಿಲ್ಲ. ಒಂದೊಂದು ಕೆಮ್ಮನ್ನೂ ಕತ್ತರಿಸಿ ತೆಗೆದಿದ್ದರು. ಎರಡು ವರ್ಷದಿಂದ ನಾವು ಕೇಳಿರದ, ಪೂರಾ ಆರೋಗ್ಯವಂತ ಅಪ್ಪ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಕೂತು ಸಮಾಧಾನವಾಗಿ ಮಾತಾಡುತ್ತಿದ್ದರು. ಕಾಡಿನ ಪರದೆಗೆ ಹಸಿರು ಒಂದೇ ಸಾಲದು, ದೂರದ ಮರಕ್ಕೆ ನೀಲಿ ಬೆರೆಸಬೇಕು ಎಂದರು. ಕೊನೆಗೆ ಆ ಪ್ರಶ್ನೆ ಬಂತು. ಗಾಜಿನಲ್ಲಿ ನಾನು ಕಂಡಿದ್ದ ಮೌನವನ್ನೂ ಕತ್ತರಿಸಿದ್ದರು, ಉತ್ತರ ತಟ್ಟನೆ ಬಂತು.

"ನಮ್ಮನೆಯವಳಿಂದಲೇ ಇಷ್ಟೆಲ್ಲ ಆಗಿದ್ದು. ಬಣ್ಣ ಕಲಸಿ ಕೊಡೋಳೇ ಅವಳು. ಅವಳ ಕೈ ಹದ ಇನ್ಯಾರಿಗೂ ಬರಲ್ಲ."

ಕ್ವಾರ್ಟರ್ಸಿನ ಗೋಡೆಗಳು ತೆಳು. ಅಲ್ಲಿ ಕೂತಿದ್ದ ಅರ್ಧ ಜನ ಅಂದಿನ ಹೊಗೆ ಕುಡಿದವರು. ಗಂಡಸರು ನೆಲ ನೋಡಿದರು. ಹೊಸದಾಗಿ ಬಂದಿದ್ದ ಮನೆಯ ಹೆಂಗಸೊಬ್ಬಳು ಮಾತ್ರ ಕಣ್ಣೊರೆಸಿಕೊಳ್ಳುತ್ತ, ಎಂಥ ಪುಣ್ಯವಂತೆ ನೀವು ಎಂದಳು. "ಸುಮ್ನಿರು ಮಾರಾಯ್ತಿ," ಎಂದಳು ಸೆಲ್ವಮ್ಮ. ಅಮ್ಮ ಕಾರ್ಯಕ್ರಮ ಮುಗಿಯುವವರೆಗೂ ಕದಲಲಿಲ್ಲ. ಬಂದವರೆಲ್ಲ ಹೋದಮೇಲೆ ಚಪ್ಪಲಿ ಮೆಟ್ಟಿಕೊಂಡು, ಆ ಶೆಡ್ಡಿಗೆ ಕರೆದುಕೊಂಡು ಹೋಗು ಎಂದಳು. ಅವಳಿಗೆ ಅದೆಲ್ಲ ಮೊದಲಿಂದಲೂ ಗೊತ್ತಿತ್ತು. ಲೆಕ್ಕದ ಮೇಷ್ಟರ ಸುಳ್ಳೂ ಗೊತ್ತಿತ್ತು.

ಶೆಡ್ಡಿನಲ್ಲಿ ಅರ್ಧ ಬರೆದ ಬೀದಿಯ ಪರದೆ ನೇತಾಡುತ್ತಿತ್ತು. ಮನೆಗಳಿಗೆ ಬಾಗಿಲು ಬರೆದಿರಲಿಲ್ಲ. ಅಮ್ಮ ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಸೀಮೆಎಣ್ಣೆ ಸ್ಟವ್ ಹಚ್ಚಿ ಡಬ್ಬವಿಟ್ಟು ಅಂಟಿನ ತುಂಡು ಹಾಕಿದಳು. ಉರಿ ಜಾಸ್ತಿಯಾಗಿ ಅದು ತಳ ಹಿಡಿಯಿತು. ಅದರಲ್ಲೇ ಮುಷ್ಟಿಗಟ್ಟಲೆ ಪುಡಿ ಸುರಿದಳು, ಗಂಟುಗಂಟಾಯಿತು. ಕಡ್ಡಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಎಷ್ಟು ಹಾಕ್ಬೇಕು, ಹೇಳೆ."

ಮೂರು ದಿನದ ಹಸಿವಿನವರ ಮುಖದಂತಿತ್ತು ಅವಳ ಮುಖ. ಆದರೆ ನನಗೆ ಹನ್ನೊಂದು ವರ್ಷ. ಇಡೀ ಜಿಲ್ಲೆ ಕೇಳುವ ಹಾಗೆ ಅಪ್ಪ ನನ್ನ ಕೆಲಸವನ್ನು ಕಿತ್ತು ಅವಳಿಗೆ ಕೊಟ್ಟಿದ್ದರು, ನನ್ನ ಹೆಸರು ಕೂಡ ಹೇಳಿರಲಿಲ್ಲ.

"ಬಣ್ಣ ಕಲಸಿದ್ದು ನಾನು," ಎಂದೆ. "ನೀನು ಸುಟ್ಟೋಳು."

ಅಮ್ಮ ಸ್ಟವ್ ಆರಿಸಿದಳು. ಡಬ್ಬವನ್ನು ಬೋರಿನ ಹತ್ತಿರ ಒಯ್ದು ತೊಳೆದು, ಬೋರಲು ಹಾಕಿ ಬಂದಳು. ನನ್ನ ಮೇಲೆ ಯಾವತ್ತೂ ಅದರ ಸಿಟ್ಟು ತೋರಿಸಲಿಲ್ಲ.

ಕ್ವಾರ್ಟರ್ಸ್ ಬಿಟ್ಟು ನಾವು ಶಿವಮೊಗ್ಗಕ್ಕೆ ಬಂದೆವು. ಅಮ್ಮ ಹೊಲಿಗೆ ಮಾಡಿ ನನ್ನನ್ನು ಓದಿಸಿದಳು, ನಾನು ಟೀಚರಾದೆ. ಕಾರ್ಖಾನೆ ನಿಂತಿತು, ಆ ವಾಸನೆಯೂ ಹೋಯಿತು, ಸೆಲ್ವಮ್ಮನ ಮನೆಯವರು ಎಲ್ಲಿಗೋ ಹೋದರು. ಈಗ ಆ ಸಾಲಿನಲ್ಲಿ ಎಷ್ಟೋ ಮನೆಗಳಿಗೆ ಕಿಟಕಿಗಳೇ ಇಲ್ಲ. ಅಮ್ಮನಿಗೆ ಮಾತ್ರ ಒಂದು ಅಭ್ಯಾಸ ಉಳಿಯಿತು. ಗಂಡನ ಬಗ್ಗೆ ಯಾರು ಏನು ಕೇಳಿದರೂ, ಬಾಡಿಗೆ ಮನೆಯ ಓನರಮ್ಮನಿರಲಿ, ನನ್ನ ಮದುವೆಗೆ ಬಂದ ಬೀಗರಿರಲಿ, ಪರದೆ ಬರೀತಿದ್ರು, ನಾನು ಸುಟ್ಟೆ ಎಂದು ಹೇಳಿಬಿಡುತ್ತಿದ್ದಳು. ಅಳುತ್ತಿರಲಿಲ್ಲ, ಕಾರಣ ಹೇಳುತ್ತಿರಲಿಲ್ಲ, ಮೋಹನನ ಹೆಸರು ತರುತ್ತಿರಲಿಲ್ಲ. ಕೇಳಿದವರು ಮುಜುಗರಪಟ್ಟು ಮಾತು ಬದಲಿಸುತ್ತಿದ್ದರು. ನಾನೂ ನಾಚಿಕೆಯಿಂದ, ಅದನ್ನೆಲ್ಲ ಯಾಕಮ್ಮ ಹೇಳ್ತೀಯ ಎಂದು ರೇಗಿದ್ದುಂಟು. ಅಪ್ಪ ಒಂದು ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೆ ಹೇಳಿದ ಸುಳ್ಳನ್ನು ಅವಳು ಒಬ್ಬೊಬ್ಬರಾಗಿ ಹಿಡಿದು ತಿದ್ದುತ್ತಿದ್ದಳು.

ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ, ಅಪ್ಪನ ಆ ಧ್ವನಿಮುದ್ರಣ ಎಲ್ಲಾದರೂ ಸಿಗುತ್ತದೋ ಹುಡುಕಿಸಲೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ಇನ್ನೊಂದು ಸಲ ಕೇಳುವ ಶಕ್ತಿ ಇಲ್ಲ ಎಂದಳು. ಶೆಡ್ಡಿನಲ್ಲಿ ನಾನು ಅಂದ ಮಾತಿಗೆ ಕ್ಷಮೆ ಕೇಳಲು ನನಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವಳ ಹತ್ತಿರಕ್ಕೆ ಸರಿದು ಕೂತೆ. ಅಷ್ಟರಲ್ಲಿ ಅವಳೇ ಗೋಡೆಯ ಕಡೆ ಮುಖ ಮಾಡಿ ಮಾತಾಡಿದಳು.

"ಬೈಬಹುದಿತ್ತು ಕಣೆ. ಎದುರಿಗೆ ಮೈಕಿತ್ತು, ಊರೆಲ್ಲ ಕೇಳ್ತಿತ್ತು. ಒಂದು ಮಾತು ಬೈದಿದ್ರೆ ನಾನು ಅವತ್ತೇ ಅತ್ತು ಮುಗಿಸಿರ್ತಿದ್ದೆ."

ನಾನು ಅವಳ ಹೊದಿಕೆ ಸರಿಮಾಡಿದೆ. ಮಾರನೆಯ ವಾರ ಅವಳು ಹೋದಳು. ತಿಥಿಗೆ ಬಂದ ನೆಂಟರು ನನ್ನನ್ನು ನಡುವೆ ಕೂರಿಸಿಕೊಂಡು ನಿಮ್ಮಮ್ಮ ಹೇಗಿದ್ದರು ಎಂದು ಕೇಳಿದರು. ಅಪ್ಪನಿಗೆ ಬಣ್ಣ ಕಲಸಿ ಕೊಡುತ್ತಿದ್ದಳು ಎಂದೆ.