ಕಾಕಾನ ಮುಂಗೈ, ನನ್ನ ಹಲ್ಲಿನ ಅಚ್ಚು

ನನ್ನ ಎಡಗಡೆಯ ಕೋರೆಹಲ್ಲು ಸಾಲು ಬಿಟ್ಟು ಹೊರಗೆ ನಿಂತಿದೆ. ಚಿಕ್ಕವಳಿದ್ದಾಗ ಅವ್ವ ಅದನ್ನು ಅದೃಷ್ಟದ ಹಲ್ಲು ಎನ್ನುತ್ತಿದ್ದಳು. ಐವತ್ತು ದಾಟಿದ ಮೇಲೆ ಅದರ ಸಂದಿಯಲ್ಲಿ ರೊಟ್ಟಿಯ ಚೂರು ಸಿಕ್ಕಿ, ಒಸಡು ಬಾತು, ಪಾಠ ಹೇಳುವಾಗಲೇ ಕಣ್ಣಲ್ಲಿ ನೀರು ಬರತೊಡಗಿತು. ಮುಧೋಳದಲ್ಲಿ ನಮ್ಮ ಶಾಲೆಯ ಹತ್ತಿರ ಹಲ್ಲಿನ ದವಾಖಾನೆ ಇಟ್ಟಿರುವ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಕುರ್ಚಿಯಲ್ಲಿ ಹೋಗಿ ಒರಗಿದೆ.

"ಈ ಹಲ್ಲ ಉಳಿಯಂಗಿಲ್ರಿ ಟೀಚರ್," ಅಂದಳು. "ತಗದು ಬ್ರಿಡ್ಜ್ ಹಾಕೋಣ್ರಿ. ಮದಲ ಸ್ಕ್ಯಾನ್ ಮಾಡ್ಕೋತೇನಿ. ಬಾಯಿತುಂಬ ಹಿಟ್ಟಿನಂಥಾದ್ದ ತುಂಬಿ ಅಚ್ಚ ತಗಿಯೂದು ಈಗ ಬಿಟ್ಟೇವ್ರಿ."

ಹಲ್ಲು ಹೋಗುತ್ತದೆ ಎಂದ ಕೂಡಲೇ ಎದ್ದು ಕೂತೆ. ನೋವಿಗೆ ಹೆದರುವವಳಲ್ಲ ನಾನು. ಆದರೆ ಆ ಹಲ್ಲು ನನ್ನ ಸಾಕ್ಷಿ. ಅದನ್ನು ಬಿಟ್ಟರೆ ನನ್ನ ಹತ್ತಿರ ಬೇರೆ ಸಾಕ್ಷಿಯೇ ಇಲ್ಲ.

ಬನಹಟ್ಟಿಯಲ್ಲಿ ನಮ್ಮ ಮನೆಯ ಹಿಂದೆಯೇ ಮಗ್ಗದ ಶೆಡ್ಡು. ನಾನು ಶಿಕ್ಷಕಿಯ ತರಬೇತಿಯಲ್ಲಿದ್ದ ವರ್ಷ, ರಜೆಗೆ ಬಂದವಳು ಒಂದು ಮಧ್ಯಾಹ್ನ ಅಲ್ಲಿ ನೂಲು ಸುತ್ತುತ್ತ ಕೂತಿದ್ದೆ. ಅಪ್ಪನ ಚಿಕ್ಕಪ್ಪನ ಮಗ, ನಾವೆಲ್ಲ ಕಾಕಾ ಎಂದು ಕರೆಯುವವನು, ಹಿಂದಿನಿಂದ ಬಂದು ಹಿಡಿದ. ಪವರ್‌ಲೂಮ್ ಓಡುವಾಗ ಎಷ್ಟು ಚೀರಿದರೂ ಪಕ್ಕದಲ್ಲಿದ್ದವರಿಗೂ ಕೇಳುವುದಿಲ್ಲ. ಅದು ಅವನಿಗೆ ಗೊತ್ತಿದ್ದೂ ತನ್ನ ಮುಂಗೈ ತಂದು ನನ್ನ ಬಾಯಿಗೆ ಒತ್ತಿದ. ಅಲ್ಲಿ ಕೆಟ್ಟ. ಕಚ್ಚಿದೆ. ರಕ್ತದ ರುಚಿ ಬರುವವರೆಗೆ ಬಿಡಲಿಲ್ಲ, ಬಂದ ಮೇಲೂ ಬಿಡಲಿಲ್ಲ. ಕೊನೆಗೆ ಅವನೇ ನನ್ನನ್ನು ನೂಕಿ ಓಡಿದ.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ: ಕಾಕಾನಿಗೆ ಹುಚ್ಚುನಾಯಿ ಕಚ್ಚಿದೆಯಂತೆ. ಶೆಡ್ಡಿನ ಬಾಗಿಲಲ್ಲಿ ಮಲಗಿರುತ್ತಿದ್ದ ಬಡಪಾಯಿ ನಾಯಿಯನ್ನು ನಾಲ್ಕು ಜನ ಬಡಿಗೆ ಹಿಡಿದು ಹೊಡೆದು ಕೊಂದರು. ಸುಳ್ಳು ಗಟ್ಟಿಯಾಗಲಿ ಎಂದು ಅವನು ಸರ್ಕಾರಿ ದವಾಖಾನೆಗೆ ಹೋಗಿ ಹೊಕ್ಕುಳ ಸುತ್ತ ಇಂಜೆಕ್ಷನ್ ಚುಚ್ಚಿಸಿಕೊಂಡ, ಒಂದೂ ಬಿಡದೆ. ಅದನ್ನು ನೆನೆಸಿಕೊಂಡಾಗ ನನಗೆ ಇವತ್ತಿಗೂ ಹಿತವಾಗುತ್ತದೆ.

ಅವ್ವನಿಗೆ ಎಲ್ಲ ಹೇಳಿದೆ. ಅವಳು ಬಾಗಿಲು ಹಾಕಿ ಬಂದು, "ಸುಮ್ಕಿರು. ನಿಮ್ಮಪ್ಪಗ ನೂಲ ಕೊಡಾಂವ ಅವನ. ಬಡವನ ಸಿಟ್ಟು ದವಡಿಗೆ ಮೂಲ," ಅಂದಳು. ನಾನು ಸುಮ್ಮನಿದ್ದೆ. ಸಿಟ್ಟು ಸುಮ್ಮನಿರಲಿಲ್ಲ.

ಮೂವತ್ತು ವರ್ಷ ಪ್ರತಿ ಮದುವೆಯಲ್ಲೂ ಅವನು ಅಂಗಿಯ ತೋಳು ಏರಿಸಿ ಮಕ್ಕಳಿಗೆ ಆ ಕಲೆ ತೋರಿಸುತ್ತಿದ್ದ. "ನೋಡ್ರಿಲೇ, ಹುಚ್ಚನಾಯಿ ಕಡದದ್ದು. ಆದರೂ ಹೆಂಗ ಗಟ್ಟಿ ಅದೇನಿ ನೋಡ್ರಿ." ಅದೇ ಪಂಕ್ತಿಯಲ್ಲಿ ನಾನು ಹುಗ್ಗಿ ಬಡಿಸುತ್ತಿದ್ದೆ. ಬಿಲ್ಲಿನಂತೆ ಬಾಗಿದ ಕಲೆ, ಸಾಲು ಬಿಟ್ಟು ಹೊರಗೆ ಒಂದು ಚುಕ್ಕೆ. ನಾಚಿಕೆ ಎಂಬುದು ಇದ್ದವನು ಅದನ್ನು ಮುಚ್ಚಿಕೊಳ್ಳುತ್ತಿದ್ದ.

ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಇದ್ದವಳು ಇನ್ನೂ ಇರುತ್ತಿದ್ದೆನೇನೋ. ಆದರೆ ಅದೇ ವಾರ ತಮ್ಮ ಫೋನ್ ಮಾಡಿದ. ಅವನು ಬಾಡಗಂಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಾನೆ. ಅವನ ಮಗಳಿಗೆ ಜಮಖಂಡಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಕಾಕಾ ಈಗ ಅಲ್ಲೇ ಮನೆ ಮಾಡಿದ್ದ; ಅವಳು ಅವನ ಮನೆಯಲ್ಲೇ ಇರುತ್ತಾಳಂತೆ. ಕಾಕಾನೇ ಕರೆದಿದ್ದಾನಂತೆ.

ಅವ್ವನ ನಂತರ ಯಾರಿಗೂ ಹೇಳದಿದ್ದುದನ್ನು ಫೋನಿನಲ್ಲೇ ಹೇಳಿದೆ. "ಮುಧೋಳದಾಗೂ ಕಾಲೇಜ್ ಅದಾವ. ನನ್ನ ಮನ್ಯಾಗ ಇರಲಿ," ಎಂದೆ.

ತಮ್ಮ, "ಮೂವತ್ತ ವರ್ಷದ ಹಿಂದಿಂದ ಈಗ್ಯಾಕ ತಗೀತಿ ಅಕ್ಕಾ? ನಾಯಿ ಕಡದದ್ದು ಇಡೀ ಓಣಿಗೆ ಗೊತ್ತೈತಿ. ಅವರು ಇಂಜೆಕ್ಷನ್ ಮಾಡಿಸ್ಕೊಂಡಾರ. ನಿನ್ನ ಮಾತಿಗೆ ಏನೈತಿ?" ಅಂದ. ಭಾನುವಾರ ಮಗಳನ್ನು ಬಿಟ್ಟು ಬರುತ್ತೇನೆ, ಬರುವುದಿದ್ದರೆ ನೀನೂ ಬಾ ಎಂದು ಫೋನ್ ಇಟ್ಟ.

ಮರುದಿನ ಸ್ಕ್ಯಾನ್. ದಪ್ಪ ಟೂತ್‌ಬ್ರಷ್‌ನಂಥ ಒಂದು ಕೋಲನ್ನು ಡಾಕ್ಟರ್ ನನ್ನ ಬಾಯೊಳಗೆ ಆಡಿಸುತ್ತ ಹೋದಳು. ಪಕ್ಕದ ಪರದೆಯ ಮೇಲೆ ನನ್ನ ಹಲ್ಲುಗಳು ಚೂರು ಚೂರಾಗಿ ಬಂದು ಕೂಡಿಕೊಂಡವು. ಐದು ನಿಮಿಷದಲ್ಲಿ ಮುಗಿಯಿತು. ಅವಳು ಚಿತ್ರವನ್ನು ಮೌಸ್‌ನಿಂದ ತಿರುವಿ ಕೆಳಗಿನಿಂದ ತೋರಿಸಿದಳು. ಕನ್ನಡಿಯಲ್ಲಿ ಹಲ್ಲು ಹಾಗೆ ಕಾಣುವುದಿಲ್ಲ. ಬಾಗಿದ ಸಾಲು, ಹೊರಗೆ ಒಂದು ಚೂಪು. ನಾನು ಅದನ್ನು ಪ್ರತಿ ಮದುವೆಯಲ್ಲೂ ನೋಡಿದ್ದೆ.

"ಇದನ್ನ ಕೈಯಾಗ ಹಿಡಿಯೂವಂಗ ಮಾಡಿ ಕೊಡಾಕ ಬರತೈತೇನವಾ?" ಎಂದೆ.

"ಬರತೈತ್ರಿ. ಬೆಳಗಾವಿ ಲ್ಯಾಬಿನವರು ಪ್ಲಾಸ್ಟಿಕಿನಾಗ ಪ್ರಿಂಟ್ ಹೊಡದ ಕಳಸ್ತಾರ. ಯಾಕ್ರಿ ಟೀಚರ್?"

"ಒಬ್ಬರಿಗೆ ತೋರಿಸೂದೈತಿ."

ಹಲ್ಲು ಕೀಳುವುದನ್ನು ಮುಂದಿನ ವಾರಕ್ಕೆ ಹಾಕಿಸಿದೆ. ಶನಿವಾರ ಅಚ್ಚು ಕೈಗೆ ಬಂತು. ಬೂದು ಬಣ್ಣದ್ದು, ಹಗುರ. ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡೆ. ಭಾನುವಾರ ಬಸ್ಸಿನಲ್ಲಿ ಜಮಖಂಡಿಗೆ ಹೋಗುವಾಗ ಡಬ್ಬಿ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತ ಹೆಂಗಸು ತಿಂಡಿ ಇರಬೇಕೆಂದು ಎರಡು ಸಲ ನೋಡಿದಳು.

ನಾನು ಹೋಗಿ ಮುಟ್ಟುವ ಹೊತ್ತಿಗೆ ತಮ್ಮ ತನ್ನ ಮಗಳ ಬ್ಯಾಗು, ಹಾಸಿಗೆ ಗಂಟು ಎಲ್ಲ ಕಾಕಾನ ಪಡಸಾಲೆಗೆ ತಂದಿಟ್ಟಿದ್ದ. ಕಾಕಾ ಅರ್ಧ ತೋಳಿನ ಬನಿಯನ್ನಿನಲ್ಲಿ ಆರಾಮವಾಗಿ ಕೂತಿದ್ದ. ಕಾಕು, ಅವನ ಹೆಂಡತಿ, ಎಲ್ಲರಿಗೂ ಚುರುಮುರಿ ತಂದಿಟ್ಟಳು. "ನಮ್ಮ ಮನಿ ಹುಡುಗಿನ ಅಲ್ಲೇನು? ಚಿಂತಿ ಬ್ಯಾಡ," ಎಂದು ಅವನು ತಮ್ಮನಿಗೆ ಹೇಳುತ್ತಿದ್ದ. ಹುಡುಗಿ ತಲೆ ಬಗ್ಗಿಸಿ ಮೊಬೈಲ್ ನೋಡುತ್ತಿದ್ದಳು.

ಡಬ್ಬಿ ತೆರೆದು ಅಚ್ಚನ್ನು ಅವನ ಮುಂದಿನ ಟೀಪಾಯಿಯ ಮೇಲೆ ಇಟ್ಟೆ.

"ಏನವಾ ಇದು?" ಅಂದ.

"ಹಲ್ಲು. ನಿಮಗ ಕಡದ ನಾಯಿದು."

ಅವನು ನಗಲು ನೋಡಿದ. "ಅಕ್ಕಾ, ಮತ್ತ ಶುರು ಮಾಡಿದೇನು?" ಎಂದು ತಮ್ಮ ಎದ್ದು ನಿಂತ.

"ನಿನ್ನ ಮಾತಿಗೆ ಏನೈತಿ ಅಂತ ಕೇಳಿದೆಲ್ಲ, ಇದ ಐತಿ. ನನ್ನ ಬಾಯಾಗಿಂದ ತಗದ ಅಚ್ಚು. ಇವರ ಕೈಮ್ಯಾಲ ಇಟ್ಟು ನೋಡು," ಎಂದೆ.

ತಮ್ಮ ಅಲುಗಲಿಲ್ಲ. ಅಚ್ಚನ್ನು ಎತ್ತಿಕೊಂಡವಳು ಕಾಕು. ನನ್ನ ಮುಖ ನೋಡಿದಳು, ಹಲ್ಲು ನೋಡಿದಳು. ಗಂಡನ ಪಕ್ಕದಲ್ಲಿ ಕೂತು ಅವನ ಮುಂಗೈ ಎಳೆದುಕೊಂಡು, ಬಳೆಯ ಅಳತೆ ನೋಡುವವರ ಹಾಗೆ ಅತ್ತಿತ್ತ ಸರಿಸಿ ಸರಿಸಿ ಇಟ್ಟಳು. ಸಾಲು ಸಾಲಿನ ಮೇಲೆ ಕೂತಿತು. ಹೊರಗಿನ ಹಲ್ಲು ಹೊರಗಿನ ಚುಕ್ಕೆಯಲ್ಲಿ ಹೋಗಿ ನಿಂತಿತು.

ಅವನು ಕೈ ಕೊಸರಿಕೊಂಡು ಅಚ್ಚನ್ನು ಕಸಿದು ನೆಲಕ್ಕೆ ಅಪ್ಪಳಿಸಿದ. ಅದು ಎರಡು ತುಂಡಾಯಿತು.

"ನಾಯಿದಿದ್ರ ಒಡದದ್ಯಾಕ?" ಅಂದಳು ಕಾಕು. ದನಿ ಏರಿಸಲಿಲ್ಲ. ಅವನು ಮುಂಗೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಆ ಮುಖ ನೋಡಲು ಮೂವತ್ತು ವರ್ಷ ಕಾದಿದ್ದೆ. ಕಣ್ಣು ತುಂಬ ನೋಡಿದೆ. ಕನಿಕರ ಬರುತ್ತದೇನೋ ಎಂದು ನನ್ನನ್ನೇ ಕೇಳಿಕೊಂಡೆ. ಬರಲಿಲ್ಲ.

"ಒಡೀರಿ ಕಾಕಾ," ಎಂದೆ. "ಅದು ಡಾಕ್ಟರ್ ಕಂಪ್ಯೂಟರಿನಾಗ ಐತಿ. ಬೇಕಾದಷ್ಟ ಮಾಡಿಸ್ಕೊಂಡ ಬರತೇನಿ. ನಿಮ್ಮ ಓಣ್ಯಾಗ ಮನಿಗೊಂದ ಹಂಚತೇನಿ."

ಕಾಕು ಅವನ ಮುಂದಿದ್ದ ಚುರುಮುರಿ ತಟ್ಟೆಯನ್ನು ಎತ್ತಿ ನನ್ನ ಮುಂದೆ ಇಟ್ಟು ಒಳಗೆ ಹೋದಳು. ತಮ್ಮ ನನ್ನ ಕಡೆ ನೋಡಲಾರದೆ ಬಗ್ಗಿ ಹಾಸಿಗೆ ಗಂಟನ್ನು ಹೆಗಲಿಗೇರಿಸಿದ. "ಬ್ಯಾಗ್ ತಗೋ," ಎಂದ ಮಗಳಿಗೆ. "ಅತ್ತಿ ಮನಿಗೆ ಹೋಗೂದು. ಮುಧೋಳಕ್ಕ."

ನಾನು ಬಲಗಡೆಯ ಹಲ್ಲಿನಿಂದ ನಿಧಾನವಾಗಿ ಅಗಿದು, ಚುರುಮುರಿ ಪೂರ್ತಿ ಮುಗಿಸಿಯೇ ಎದ್ದೆ.