ಮಿರಮಿರ ಮಿಂಚಿದ ಬೆಳ್ಳಿ ಟಂಕ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಇಬ್ಬರು ರಾಜರು ಒಟ್ಟಿಗೆ ಸತ್ತರು. ಕೊಂದವಳು ನನ್ನ ಸೊಸೆ ಶೋಭಾ. ಅದೂ ಅತಿಥಿ ಸತ್ಕಾರಕ್ಕಾಗಿ!

ಯಲಹಂಕದ ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಹಳೆಯದೊಂದು ಬೆಳ್ಳಿ ಟಂಕವಿದೆ. ವರಮಹಾಲಕ್ಷ್ಮಿ ಹಬ್ಬದಂದು ಕಲಶಕ್ಕೆ ಹಾಕುವ ನಾಣ್ಯ. ಅದರ ಮೇಲೆ, ದಕ್ಷಿಣಕ್ಕೆ ದಂಡೆತ್ತಿ ಬಂದು ಗೆದ್ದ ಸುಲ್ತಾನನ ಅರಬ್ಬೀ ಲಿಪಿ. ಅಂಚಿನಲ್ಲಿ, ಆ ಲಿಪಿಯ ಅಡಿಯಿಂದ ಇಣುಕುವ ಎರಡು ನಾಗರಿ ಅಕ್ಷರಗಳು. ಅವು ಸೋತ ರಾಜನವು.

ಗೆದ್ದವನು ಹಳೆಯ ನಾಣ್ಯಗಳನ್ನೆಲ್ಲ ಕರಗಿಸಿ ಹೊಸದಾಗಿ ಟಂಕಿಸಿದನೆಂದು ಪುಸ್ತಕಗಳು ಹೇಳುತ್ತವೆ. ಬರೆದವರು ನೋಡಿದ್ದರೇನು? ಸೋತವನ ನಾಣ್ಯದ ಮೇಲೆಯೇ ತನ್ನ ಅಚ್ಚು ಒತ್ತಿಸಿದನೆಂಬುದು ನನ್ನ ವಾದ. (ಅವಸರಕ್ಕೋ, ಇದ್ದಿಲು ಉಳಿಸಲೋ, ಯಾರು ಬಲ್ಲರು?)

ಜಕ್ಕೂರು ಕೆರೆಯ ಬಳಿ ನನ್ನೊಡನೆ ವಾಕಿಂಗ್ ಮಾಡುವ ನಿವೃತ್ತ ಇತಿಹಾಸ ಪ್ರೊಫೆಸರರು ಇದನ್ನು ಕೇಳಿ ನಗುತ್ತಿದ್ದರು. "ಸಾಕ್ಷಿ ತೋರ್ಸಿ ಸ್ವಾಮಿ, ಆಮೇಲೆ ಮಾತು." ಕೊನೆಗೂ ಲೆನ್ಸ್ ಹಿಡಿದು ಬರಲು ಒಪ್ಪಿದರು. ನಿಜವೆಂದು ಕಂಡರೆ ತಾವು ಬರೆಯುತ್ತಿರುವ ಪುಸ್ತಕದ ಆ ಅಧ್ಯಾಯವನ್ನೇ ತಿದ್ದುವುದಾಗಿ ಮಾತು ಕೊಟ್ಟರು.

ಬಂದರು. ಕಾಫಿಯಾಯಿತು. ಶೋಭಾ ತಟ್ಟೆಯಲ್ಲಿ, ವೀಳ್ಯದೆಲೆಯ ಮೇಲೆ ನಾಣ್ಯವನ್ನು ತಂದಿಟ್ಟಳು. ಅದು ಕನ್ನಡಿಯಂತೆ ಹೊಳೆಯುತ್ತಿತ್ತು!

"ಏನಮ್ಮಾ ಮಾಡ್ದೆ ಇದಕ್ಕೆ?"

"ದೊಡ್ಡೋರು ನೋಡಕ್ ಬರ್ತಾರೆ, ಹಂಗೆ ಕರ್ರಗಿದ್ರೆ ಏನಂದ್ಕೋತಾರೆ ಮಾವ? ಬೆಳ್ಳಿ ಅಂಗಡೀಲಿ ಮಿಷಿನ್ ಪಾಲಿಷ್ ಹಾಕ್ಸ್ದೆ. ಚೆನ್ನಾಗಾಗಿಲ್ವಾ?"

ಆಗಿದೆ ತಾಯಿ. ಸುಲ್ತಾನನೂ ಇಲ್ಲ, ರಾಜನೂ ಇಲ್ಲ!

ಪ್ರೊಫೆಸರರು ಲೆನ್ಸ್ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ನನ್ನ ಮೂಗು ಬಿಟ್ರೆ ಬೇರೇನೂ ಕಾಣ್ತಿಲ್ಲ ಕಣ್ರೀ. ಫೋಟೋ ಇದ್ಯಾ?"

ಇರಲಿಲ್ಲ. ದೇವರ ಪೆಟ್ಟಿಗೆಯಲ್ಲಿರುವುದರ ಫೋಟೋ ತೆಗೆಯಬಾರದೆಂಬುದು ನನ್ನ ತಾಯಿ ಹಾಕಿದ ಕಟ್ಟಳೆ. (ಕಂಡದ್ದನ್ನೆಲ್ಲ ಪ್ರಶ್ನಿಸುವ ನಾನು ಅದೊಂದನ್ನು ಪ್ರಶ್ನಿಸಿರಲಿಲ್ಲ.)

"ಅಕ್ಷರ ಇತ್ತು ಸಾರ್. ನಾನೇ ಕಣ್ಣಾರೆ ನೋಡಿದೀನಿ. ನನ್ನ ಮಾತು ನಂಬಿ."

"ನಂಬ್ತೀನಿ ಬಿಡಿ. ಆದ್ರೆ ಪುಸ್ತಕದಲ್ಲಿ ಏನಂತ ಬರೀಲಿ? ಯಲಹಂಕದೋರು ಹೇಳಿದ್ರು ಅಂತಲಾ?"

ಅವರು ಲೆನ್ಸನ್ನು ಜೇಬಿಗಿಳಿಸಿ ಹೊರಟರು. ಅಧ್ಯಾಯ ಇದ್ದಂತೆಯೇ ಅಚ್ಚಾಗುತ್ತದೆ. ಶೋಭಾ ಅಳುಮುಖ ಮಾಡಿಕೊಂಡು ನಾಣ್ಯವನ್ನು ಪೆಟ್ಟಿಗೆಗೆ ಸೇರಿಸಿದಳು. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅಂದಿನಿಂದ ಒಂದೇ ಯೋಚನೆ: "ಕಣ್ಣಾರೆ ನೋಡಿದೀನಿ, ನಂಬಿ" ಎಂದು ಬೇರೊಬ್ಬರು ಹೇಳಿದ್ದರೆ, ನಾನು ನಂಬುತ್ತಿದ್ದೆನೇ?